ಹೊರಟ ಚಿನ್ನ, ಬಂದ ಚಿನ್ನ

1991ರ ಜುಲೈನಲ್ಲಿ ಚಿನ್ನದ ಗಟ್ಟಿ ಹೊತ್ತ ವ್ಯಾನುಗಳು ಬಿಗಿ ಕಾವಲಿನಲ್ಲಿ ಮುಂಬೈಯ ಸಹಾರ್ ವಿಮಾನ ನಿಲ್ದಾಣದ ಕಡೆ ಹೊರಟವು. ದಾರಿ ಮಧ್ಯೆ ಒಂದರ ಟೈರು ಒಡೆದು ಕಾವಲಿನವರೆಲ್ಲ ಬೆವರಿದರೆಂಬ ಕಥೆ ಬ್ಯಾಂಕಿನ ವಲಯದಲ್ಲಿ ಪ್ರಸಿದ್ಧ. ನಾಲ್ಕು ಕಂತುಗಳಲ್ಲಿ ರಿಸರ್ವ್ ಬ್ಯಾಂಕಿನ 46.91 ಟನ್ ಚಿನ್ನ ಲಂಡನ್ನಿಗೆ ಹಾರಿತು. ಅದನ್ನು ಒತ್ತೆಯಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ದೇಶ ಪಡೆದ ಸಾಲ 40.5 ಕೋಟಿ ಡಾಲರ್. ಅದಕ್ಕೂ ಮೊದಲು ಮೇ ತಿಂಗಳಲ್ಲಿ, ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ, ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಯೂನಿಯನ್ ಬ್ಯಾಂಕಿಗೆ ಮಾರಲಾಗಿತ್ತು. ಮರಳಿ ಕೊಳ್ಳುವ ಹಕ್ಕೊಂದನ್ನು ಮಾತ್ರ ಸರ್ಕಾರ ಉಳಿಸಿಕೊಂಡಿತ್ತು.

ಕುವೈತ್ ಯುದ್ಧದಿಂದ ತೈಲದ ಬೆಲೆ ಏರಿತ್ತು, ಕೊಲ್ಲಿಯಿಂದ ಬರುತ್ತಿದ್ದ ಹಣ ಸೊರಗಿತ್ತು, ಅನಿವಾಸಿ ಭಾರತೀಯರು ಠೇವಣಿ ಹಿಂತೆಗೆಯುತ್ತಿದ್ದರು. ಖಜಾನೆಯಲ್ಲಿದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಇದೆಲ್ಲ ಲೆಕ್ಕ ಬಲ್ಲವರಿಗೆ ಗೊತ್ತಿದ್ದ ಮಾತು. ಆದರೆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಜನಕ್ಕೆ ಕಂಡದ್ದು ಒಂದೇ: ಮನೆಯ ತಾಳಿ ಗಿರವಿ ಅಂಗಡಿಗೆ ಹೋಗಿದೆ.

ಸಾಲ ಅದೇ ವರ್ಷ ತೀರಿತು. ಚಿನ್ನ ಮಾತ್ರ ಬರಲಿಲ್ಲ, ಲಂಡನ್ನಿನಲ್ಲೇ ಉಳಿಯಿತು. ಅದನ್ನು ಯಾರೂ ತಡೆಹಿಡಿದಿರಲಿಲ್ಲ. ತರುವ ಅವಸರ ಯಾರಿಗೂ ಕಂಡಿರಲಿಲ್ಲ, ಅಷ್ಟೇ. 2009ರಲ್ಲಿ ಭಾರತ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 670 ಕೋಟಿ ಡಾಲರ್ ಕೊಟ್ಟು ಇನ್ನೂ 200 ಟನ್ ಕೊಂಡಾಗಲೂ ಅದು ಹೊರಗೇ ಉಳಿಯಿತು. ಹದಿನೆಂಟು ವರ್ಷಗಳ ಹಿಂದಿನ ಅವಮಾನಕ್ಕೆ ಉತ್ತರವೆಂದು ಕೆಲವರು ಆ ಖರೀದಿಯನ್ನು ಕೊಂಡಾಡಿದರು. ಗಟ್ಟಿಗಳು ಎಲ್ಲಿವೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅದು ಬಂದದ್ದು 2024ರಲ್ಲಿ, ಇಂಗ್ಲೆಂಡಿನಿಂದ ಸುಮಾರು 100 ಟನ್ ಚಿನ್ನ ಸದ್ದಿಲ್ಲದೆ ಭಾರತಕ್ಕೆ ಬಂದಿಳಿದಾಗ. 1991ರ ನಂತರ ಇಷ್ಟು ದೊಡ್ಡ ಪ್ರಮಾಣದ ಸಾಗಣೆ ಆಗಿರಲಿಲ್ಲ.

ಭಾರತದ ಚಿನ್ನ ಲಂಡನ್ನಿನ ದಾರಿ ಹಿಡಿದದ್ದು 1991ರಲ್ಲೇ ಮೊದಲೂ ಅಲ್ಲ. ಅದಕ್ಕೆ ಅರವತ್ತು ವರ್ಷ ಹಿಂದಿನ ಪ್ರಯಾಣದ ಬೇರು ಇನ್ನೊಂದು ಮರಳುವಿಕೆಯಲ್ಲಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಕೈಬಿಟ್ಟಿದ್ದ ಚಿನ್ನದ ಮಾನಕ್ಕೆ, ಅಂದರೆ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿಗೆ, ಬ್ರಿಟನ್ ವಾಪಸಾಗುತ್ತದೆ ಎಂದು 1925ರ ಏಪ್ರಿಲ್ 28ರಂದು ಹಣಕಾಸು ಸಚಿವ ವಿನ್ಸ್ಟನ್ ಚರ್ಚಿಲ್ ಘೋಷಿಸಿದ. ಪೌಂಡಿಗೆ 4.86 ಡಾಲರ್, ಅಂದರೆ ಯುದ್ಧಕ್ಕೆ ಮೊದಲಿದ್ದ ದರವೇ. ಯುದ್ಧದಲ್ಲಿ ಸೊರಗಿದ ದೇಶ ಹಳೆಯ ದರದ ಅಂಗಿ ತೊಟ್ಟರೆ ಅದು ಮೈಗೆ ಸಡಿಲವೇ. ಪೌಂಡಿನ ಬೆಲೆ ಸುಮಾರು ಶೇ 10ರಷ್ಟು ಹೆಚ್ಚಾಗಿದೆ, ಅದರ ಹೊರೆ ಗಣಿ ಕಾರ್ಮಿಕರ ಕೂಲಿಯ ಮೇಲೆ ಬೀಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್ ಕಿರುಹೊತ್ತಿಗೆ ಬರೆದು ಎಚ್ಚರಿಸಿದ. ಬಿದ್ದದ್ದೂ ಹಾಗೆಯೇ. ಬ್ರಿಟಿಷ್ ಕಲ್ಲಿದ್ದಲು ಹೊರಗಿನ ಮಾರುಕಟ್ಟೆಯಲ್ಲಿ ದುಬಾರಿಯಾಯಿತು, ಗಣಿ ಮಾಲೀಕರು ಕೂಲಿ ಕಡಿತಕ್ಕೆ ನಿಂತರು, 1926ರ ಮೇನಲ್ಲಿ ಇಡೀ ದೇಶ ಒಂಬತ್ತು ದಿನ ಮುಷ್ಕರ ಹೂಡಿತು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಮತ್ತೆ ಚಿನ್ನದ ಮಾನವನ್ನು ಬಿಟ್ಟಿತು.

ಅದರ ಬಿಸಿ ತಟ್ಟಿದ್ದು ಭಾರತದ ಹಳ್ಳಿಗಳಿಗೆ. ರೂಪಾಯಿಯನ್ನು ಒಂದು ಶಿಲ್ಲಿಂಗ್ ಆರು ಪೆನ್ಸ್ ದರದಲ್ಲಿ ಪೌಂಡಿಗೆ ಕಟ್ಟಿಹಾಕಲಾಗಿತ್ತು. ಪೌಂಡ್ ಇಳಿದಾಗ ರೂಪಾಯಿಯೂ ಇಳಿಯಿತು, ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಅತ್ತ ಜಾಗತಿಕ ಕುಸಿತದಿಂದ ಬೆಳೆಗೆ ಬೆಲೆಯಿಲ್ಲ, ಕಂದಾಯ ಮಾತ್ರ ಅಷ್ಟೇ ಇದೆ, ಸಾಹುಕಾರ ಬಾಗಿಲಲ್ಲಿ ನಿಂತಿದ್ದಾನೆ. ರೈತರು ಮನೆಯ ಒಡವೆ ಬಿಚ್ಚಿ ಮಾರಿದರು. ಶತಮಾನಗಳಿಂದ ಜಗತ್ತಿನ ಚಿನ್ನವನ್ನು ಒಳಗೆಳೆದುಕೊಳ್ಳುತ್ತಿದ್ದ ದೇಶ ವರ್ಷವರ್ಷವೂ ಚಿನ್ನ ಹೊರಕ್ಕೆ ಕಳಿಸುವ ದೇಶವಾಯಿತು. ಬೊಂಬಾಯಿ ಬಂದರಿನಿಂದ ಹಡಗೇರಿದ ಈ ಚಿನ್ನವನ್ನು ಅರ್ಥಶಾಸ್ತ್ರದವರು ‘ಸಂಕಟದ ಚಿನ್ನ’ ಎಂದು ಕರೆದರು. ಲಂಡನ್ನಿನ ನಿತ್ರಾಣಗೊಂಡ ಖಜಾನೆಗೆ ಅದು ಉಸಿರು ಕೊಟ್ಟಿತು. ಗಾಂಧಿಯವರ ಕಾಲದ ರಾಷ್ಟ್ರೀಯವಾದಿಗಳು ರಫ್ತು ನಿಲ್ಲಿಸಿ ಎಂದು ಕೂಗಿಕೊಂಡರೂ ಸರ್ಕಾರ ಕೇಳಲಿಲ್ಲ. ಆ ಚಿನ್ನ ಮರಳುವ ಮಾತೇ ಇರಲಿಲ್ಲ, ಅದು ಮಾರಿ ಮುಗಿದ ಚಿನ್ನ. ಕೋಲಾರದ ಚಿನ್ನದ ಗಣಿಗಳದ್ದೂ (ಕೆಜಿಎಫ್) ಹೆಚ್ಚು ಕಡಿಮೆ ಅದೇ ಕಥೆ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್ ಗಣಿಗಿಳಿದಂದಿನಿಂದ 2001ರ ಫೆಬ್ರವರಿ 28ರಂದು ಕೆಜಿಎಫ್ ಮುಚ್ಚುವ ತನಕ ಅಲ್ಲಿಂದ ಮೇಲೆ ಬಂದ ಚಿನ್ನ 800 ಟನ್ನಿಗೂ ಹೆಚ್ಚು. ಇಂದು ರಿಸರ್ವ್ ಬ್ಯಾಂಕಿನ ಬಳಿ ಒಟ್ಟು ಇರುವುದೂ ಅದರ ಆಸುಪಾಸಿನಷ್ಟೇ. ಕರ್ನಾಟಕದ ಒಂದು ತಾಲ್ಲೂಕಿನ ನೆಲದಡಿ ಒಂದು ದೇಶದ ತಿಜೋರಿಯಷ್ಟು ಚಿನ್ನವಿತ್ತು ಎಂಬುದನ್ನು ನೆನೆದರೆ ಸುಮ್ಮನಿರಲು ಕಷ್ಟ.

ದೇಶಗಳು ತಮ್ಮ ಚಿನ್ನವನ್ನು ಬೇರೆಯವರ ಮನೆಯಲ್ಲಿ ಯಾಕೆ ಇಡುತ್ತವೆ? ಮೊದಲ ಕಾರಣ ವ್ಯಾಪಾರದ್ದು. ಲಂಡನ್ ಚಿನ್ನದ ಪೇಟೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಗಳಲ್ಲಿ ಸುಮಾರು 4,00,000 ಗಟ್ಟಿಗಳಿವೆ, ಒಂದೊಂದೂ 12 ಕಿಲೋ ಮೀರಿದ ತೂಕ. ಅಲ್ಲಿದ್ದರೆ ಬೆಳಗ್ಗೆ ಮಾರಿ ಸಂಜೆಗೆ ಡಾಲರ್ ಎಣಿಸಬಹುದು, ಬಡ್ಡಿಗೂ ಕೊಡಬಹುದು, ಗಟ್ಟಿ ಇದ್ದ ಜಾಗದಿಂದ ಅಲುಗಬೇಕಿಲ್ಲ, ಪುಸ್ತಕದಲ್ಲಿ ಹೆಸರು ಬದಲಾದರೆ ಸಾಕು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ, ಬೀದಿಯಿಂದ 80 ಅಡಿ ಕೆಳಗೆ ಮ್ಯಾನ್‌ಹಟ್ಟನ್ನಿನ ಬಂಡೆಯ ಮೇಲೆ, 6,000 ಟನ್ನಿಗೂ ಹೆಚ್ಚು ಚಿನ್ನವಿದೆ. ಬಹುಪಾಲು ಬೇರೆ ದೇಶಗಳದ್ದು.

ಎರಡನೆಯ ಕಾರಣ ಭಯ. ಇತಿಹಾಸದ ರೋಚಕ ಭಾಗವೆಲ್ಲ ಇರುವುದು ಇಲ್ಲೇ.

1939ರ ಸೆಪ್ಟೆಂಬರ್ 1ರಂದು ಜರ್ಮನ್ ಸೇನೆ ಪೋಲೆಂಡಿನೊಳಗೆ ನುಗ್ಗಿದಾಗ ಪೋಲಿಷ್ ಬ್ಯಾಂಕಿನ ಸುಮಾರು 75 ಟನ್ ಚಿನ್ನವನ್ನು ಬಸ್ಸು, ಲಾರಿಗಳಿಗೆ ತುಂಬಿ ಪೂರ್ವಕ್ಕೆ ಅಟ್ಟಲಾಯಿತು. ಮೇಲೆ ವಿಮಾನಗಳ ಬಾಂಬು, ಕೆಳಗೆ ನಿರಾಶ್ರಿತರಿಂದ ತುಂಬಿದ ರಸ್ತೆ. ಸಾಗಣೆಯ ಹೊಣೆ ಹೊತ್ತವರಲ್ಲಿ ಒಬ್ಬ ಮಾಜಿ ಹಣಕಾಸು ಸಚಿವ ಇಗ್ನಾಸಿ ಮಾತುಶೆವ್ಸ್ಕಿ. ಒಂದು ಬಸ್ಸಿನ ಸ್ಟೀರಿಂಗ್ ಹಿಡಿದದ್ದು ಅವನ ಹೆಂಡತಿ ಹಲೀನಾ ಕೊನೊಪಾತ್ಸ್ಕಾ, 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದು ಪೋಲೆಂಡಿಗೆ ಮೊದಲ ಚಿನ್ನದ ಪದಕ ತಂದವಳು. ಪದಕ ತಂದವಳೇ ಖಜಾನೆಯನ್ನೂ ಗಡಿ ದಾಟಿಸಿದಳು. ಚಿನ್ನ ರೊಮೇನಿಯಾದ ಕಾನ್‌ಸ್ಟಾಂಟಾ ಬಂದರು ಮುಟ್ಟಿತು, ಅಲ್ಲಿ ಈಯೊಸೀನ್ ಎಂಬ ಎಣ್ಣೆ ಹಡಗನ್ನೇರಿ ಇಸ್ತಾಂಬುಲ್, ಅಲ್ಲಿಂದ ರೈಲಿನಲ್ಲಿ ಬೈರೂತ್, ಮತ್ತೆ ಫ್ರೆಂಚ್ ಯುದ್ಧನೌಕೆಗಳಲ್ಲಿ ಫ್ರಾನ್ಸ್. ಕ್ಷೇಮವಾಯಿತು ಎಂದು ಉಸಿರು ಬಿಡುವಷ್ಟರಲ್ಲಿ, 1940ರ ಜೂನ್‌ನಲ್ಲಿ, ಫ್ರಾನ್ಸೇ ಬಿತ್ತು. ಚಿನ್ನ ಮತ್ತೆ ಹಡಗು ಹತ್ತಿ ಪಶ್ಚಿಮ ಆಫ್ರಿಕಾದ ಡಕಾರ್, ಅಲ್ಲಿಂದ ಒಳನಾಡಿನ ಕೇಸ್ ಎಂಬ ಬಿಸಿಲೂರು ಸೇರಿತು. ಪೋಲೆಂಡಿನ ಕೈಗೆ ಮರಳಿ ಸಿಕ್ಕಿದ್ದು 1944ರಲ್ಲಿ.

ಅದೇ ಹಡಗುಗಳ ಸಾಲಿನಲ್ಲಿ ಬೆಲ್ಜಿಯಂನ ಪಾಲೂ ಇತ್ತು. ಸುರಕ್ಷಿತವಾಗಿರಲೆಂದು ಬೆಲ್ಜಿಯಂ ತನ್ನ ಸುಮಾರು 198 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಫ್ರಾನ್ಸಿಗೆ ಒಪ್ಪಿಸಿತ್ತು. ಒಟ್ಟು 4,944 ಪೆಟ್ಟಿಗೆ. ಫ್ರಾನ್ಸ್ ಬಿದ್ದ ಮೇಲೆ ವಿಶಿಯ ಫ್ರೆಂಚ್ ಸರ್ಕಾರ ಜರ್ಮನರ ಒತ್ತಾಯಕ್ಕೆ ಮಣಿದು ಅದನ್ನು ಬರ್ಲಿನ್ನಿಗೆ ಕೊಡಲು ಒಪ್ಪಿತು. ಆದರೆ ಸಮುದ್ರವೆಲ್ಲ ಬ್ರಿಟಿಷರ ಕಣ್ಣಲ್ಲಿತ್ತು. ಉಳಿದದ್ದು ಸಹಾರಾ ಒಂದೇ. ರೈಲು, ನೈಜರ್ ನದಿಯ ದೋಣಿ, ಲಾರಿ, ಕೊನೆಗೆ ಒಂಟೆಗಳ ಬೆನ್ನೇರಿ ಯೂರೋಪಿನ ಒಂದು ದೇಶದ ಖಜಾನೆ ಮರಳುಗಾಡು ದಾಟಿ ಆಲ್ಜಿಯರ್ಸ್ ಸೇರಿ, ಅಲ್ಲಿಂದ ವಿಮಾನದಲ್ಲಿ ಮಾರ್ಸೇಲ್ಸ್ ತಲುಪಿತು. ಕಡೆಯ ಪೆಟ್ಟಿಗೆ ಮುಟ್ಟುವಾಗ 1942 ಬಂದಿತ್ತು. ಜರ್ಮನರು ಗಟ್ಟಿಗಳನ್ನು ಕರಗಿಸಿ, ಯುದ್ಧಕ್ಕೆ ಮೊದಲಿನ ಇಸವಿಯ ಮುದ್ರೆ ಒತ್ತಿ, ಸ್ವಿಟ್ಜರ್ಲೆಂಡಿಗೆ ಮಾರಿದರು. ಬೆಲ್ಜಿಯಂ ಇತ್ತ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಬ್ಯಾಂಕ್ ಆಫ್ ಫ್ರಾನ್ಸಿನ ಮೇಲೆ ದಾವೆ ಹೂಡಿತ್ತು. ಪ್ಯಾರಿಸ್ ಬಿಡುಗಡೆಯಾದ ಮೇಲೆ ಫ್ರಾನ್ಸ್ ತನ್ನ ಸ್ವಂತ ಚಿನ್ನದಿಂದ ಅಷ್ಟನ್ನೂ ತುಂಬಿಕೊಟ್ಟಿತು. ನಂಬಿ ಕೊಟ್ಟವರಿಗೆ ನ್ಯಾಯ ಸಿಕ್ಕ ಅಪರೂಪದ ಪ್ರಕರಣ ಇದು.

ನಾರ್ವೆಯವರು ಇನ್ನೂ ಚುರುಕು. 1940ರ ಏಪ್ರಿಲ್ 9ರಂದು ಜರ್ಮನ್ನರು ಓಸ್ಲೋ ಹೊಕ್ಕುವ ಹೊತ್ತಿಗೆ ಬ್ಯಾಂಕಿನ ಸುಮಾರು 50 ಟನ್ ಚಿನ್ನ ಲಾರಿಗಳಲ್ಲಿ ಊರು ಬಿಟ್ಟಿತ್ತು. ಮುಂದೆ ರೈಲು, ಮೀನುದೋಣಿ, ಬ್ರಿಟಿಷ್ ಯುದ್ಧನೌಕೆ. ಕಾವಲಿಗಿದ್ದ ಸೈನಿಕರಲ್ಲಿ ನೂರ್ಡಾಲ್ ಗ್ರೀಗ್ ಎಂಬ ಕವಿಯೂ ಇದ್ದ. ಅಷ್ಟು ಅಲೆದಾಟದಲ್ಲಿ ಕಳೆದುಹೋದದ್ದು 297 ನಾಣ್ಯ ಮಾತ್ರ. ತಮಾಷೆಯೆಂದರೆ ಇಷ್ಟು ಕಷ್ಟಪಟ್ಟು ಉಳಿಸಿದ ದೇಶ 2004ರಲ್ಲಿ ತನ್ನಲ್ಲಿದ್ದ ಚಿನ್ನವನ್ನೆಲ್ಲ, ಪ್ರದರ್ಶನಕ್ಕೆಂದು ಕೆಲವು ಗಟ್ಟಿ ಬಿಟ್ಟು, ಮಾರಿಬಿಟ್ಟಿತು. ಸಮುದ್ರದಡಿಯ ತೈಲ ಸಿಕ್ಕವರಿಗೆ ಹಳದಿ ಲೋಹದ ಹಂಗೇಕೆ?

ಹೋದದ್ದು ಬಾರದೇ ಉಳಿದ ಕಥೆಗಳೂ ಇವೆ. ಮೊದಲ ಮಹಾಯುದ್ಧದಲ್ಲಿ ರೊಮೇನಿಯಾ 91.5 ಟನ್ ಚಿನ್ನವನ್ನು ಮಿತ್ರರಾಷ್ಟ್ರ ರಷ್ಯಾದ ಮೇಲಿನ ನಂಬಿಕೆಯಿಂದ ಮಾಸ್ಕೋಗೆ ಕಳಿಸಿತು. ಕ್ರಾಂತಿಯಾಯಿತು, 1918ರ ಜನವರಿಯಲ್ಲಿ ಹೊಸ ಸರ್ಕಾರ ಸಂಬಂಧ ಕಡಿದುಕೊಂಡು ಅದನ್ನು ಮುಟ್ಟುಗೋಲು ಹಾಕಿತು. 1935 ಮತ್ತು 1956ರಲ್ಲಿ ಕಲಾಕೃತಿ, ಕಾಗದಪತ್ರಗಳಲ್ಲಿ ಒಂದಷ್ಟು ಮರಳಿದವು. ಬ್ಯಾಂಕಿನ ಚಿನ್ನ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಯೂರೋಪಿನ ಸಂಸತ್ತು ಇದೇ ವಿಷಯಕ್ಕೆ ನಿರ್ಣಯ ಅಂಗೀಕರಿಸಿತು. ನೂರು ವರ್ಷ ದಾಟಿದರೂ ಕೇಳುವುದನ್ನು ರೊಮೇನಿಯನ್ನರು ಬಿಟ್ಟಿಲ್ಲ.

ಸ್ಪೇನ್ ಕಳಿಸಿದ್ದು ಇನ್ನೂ ದೊಡ್ಡ ಗಂಟು. 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಗಣರಾಜ್ಯದ ಹಣಕಾಸು ಸಚಿವ ಹ್ವಾನ್ ನೆಗ್ರಿನ್ ಮ್ಯಾಡ್ರಿಡ್ಡಿನ ಚಿನ್ನವನ್ನು ಕಾರ್ತಹೇನಾ ಬಂದರಿಗೆ ಸಾಗಿಸಿದ. ಅಕ್ಟೋಬರ್ 25ರಂದು 7,800 ಪೆಟ್ಟಿಗೆ, ಸುಮಾರು 510 ಟನ್, ನಾಲ್ಕು ಸೋವಿಯತ್ ಹಡಗುಗಳಲ್ಲಿ ಒಡೆಸ್ಸಾ ಕಡೆ ಹೊರಟಿತು. ಜೊತೆಗೆ ಹೋದ ಬ್ಯಾಂಕಿನ ನಾಲ್ವರು ಬೀಗದ ಕೈ ಅಧಿಕಾರಿಗಳೂ 1938ರವರೆಗೆ ಅಲ್ಲೇ ಸಿಕ್ಕಿಕೊಂಡರು. ತನ್ನ ಕಿವಿಯನ್ನು ತಾನು ಕಂಡವನುಂಟೇ, ಹಾಗೆ ಸ್ಪೇನಿನವರೂ ಆ ಚಿನ್ನವನ್ನು ಮತ್ತೆ ಕಾಣರು ಎಂದು ಸ್ಟಾಲಿನ್ ಔತಣಕೂಟದಲ್ಲಿ ನಕ್ಕನೆಂದು ಆ ಸಾಗಣೆಯ ಉಸ್ತುವಾರಿಯಲ್ಲಿದ್ದು ಮುಂದೆ ಅಮೆರಿಕಕ್ಕೆ ಓಡಿಹೋದ ಗೂಢಚಾರ ಓರ್ಲೋವ್ ಹೇಳಿದ್ದಾನೆ. ಸ್ಟಾಲಿನ್ ಹೇಳಿದನೋ ಬಿಟ್ಟನೋ, ಚಿನ್ನವೆಲ್ಲ ಬಂದೂಕು, ಟ್ಯಾಂಕು, ವಿಮಾನಗಳ ಲೆಕ್ಕಕ್ಕೆ ಕರಗಿಹೋಯಿತು.

ಚಿಕ್ಕ ದೇಶ ಅಲ್ಬೇನಿಯಾದ ಪ್ರಕರಣವೊಂದು ಇವೆಲ್ಲಕ್ಕಿಂತ ವಿಚಿತ್ರ. ಯುದ್ಧದಲ್ಲಿ ನಾಜಿಗಳು ಲೂಟಿ ಮಾಡಿದ್ದ ಅಲ್ಬೇನಿಯಾದ ಚಿನ್ನ ಮಿತ್ರಪಕ್ಷಗಳಿಗೆ ಸಿಕ್ಕಿ ಲಂಡನ್ನಿನ ನೆಲಮಾಳಿಗೆ ಸೇರಿತು. ಅಷ್ಟರಲ್ಲಿ 1946ರ ಅಕ್ಟೋಬರ್‌ನಲ್ಲಿ ಕಾರ್ಫು ಜಲಸಂಧಿಯಲ್ಲಿ ಸಿಡಿಗುಂಡುಗಳಿಗೆ ಎರಡು ಬ್ರಿಟಿಷ್ ಯುದ್ಧನೌಕೆ ಸಿಕ್ಕಿ 44 ನಾವಿಕರು ಸತ್ತರು. ಪರಿಹಾರ ಕೊಡುವಂತೆ ಹೇಗ್‌ನ ನ್ಯಾಯಾಲಯ ತೀರ್ಪಿತ್ತಿತು, ಅಲ್ಬೇನಿಯಾ ಕೊಡಲಿಲ್ಲ. ಹಾಗಾದರೆ ಚಿನ್ನವೂ ಇಲ್ಲ ಎಂದಿತು ಬ್ರಿಟನ್. ಒಂದೂವರೆ ಟನ್ನಿನ ಈ ಜಗಳ ಮುಗಿದು ಚಿನ್ನ ಕೈಬದಲಾದದ್ದು 1996ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರಸೀದಿ ಯಾರ ಕೈಯಲ್ಲಿದೆ ಎಂಬುದಕ್ಕಿಂತ ಬೀಗದ ಕೈ ಯಾರ ಕೈಯಲ್ಲಿದೆ ಎಂಬುದೇ ಬಹಳ ಸಲ ತೀರ್ಮಾನ ಮಾಡಿದೆ. ಮೊದಲೆಲ್ಲ ಚಿನ್ನ ಮನೆ ಬಿಟ್ಟದ್ದು ಶತ್ರುವಿಗೆ ಹೆದರಿ. ಈಗ ಮನೆಗೆ ಬರುತ್ತಿರುವುದು ಮಿತ್ರರ ಮೇಲಿನ ಅನುಮಾನದಿಂದ.

ಅನುಮಾನಕ್ಕೆ ಮೊದಲು ದೊಡ್ಡ ಬಾಯಿ ಮಾಡಿದವನು ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ದ ಗಾಲ್. ಎರಡನೆಯ ಮಹಾಯುದ್ಧದ ನಂತರ ಡಾಲರ್ ಜಗತ್ತಿನ ಹಣವಾಗಿತ್ತು. 35 ಡಾಲರ್ ಕೊಟ್ಟರೆ ಒಂದು ಔನ್ಸ್ ಚಿನ್ನ ಕೊಡುವುದಾಗಿ ಅಮೆರಿಕ ಇತರ ದೇಶಗಳ ಸರ್ಕಾರಗಳಿಗೆ ಮಾತು ಕೊಟ್ಟಿತ್ತು. ಕಾಗದ ಮುದ್ರಿಸುವವನಿಗೆ ಇದು ಅತಿ ಸಲುಗೆಯೆಂದು 1965ರ ಫೆಬ್ರವರಿ 4ರ ಪತ್ರಿಕಾಗೋಷ್ಠಿಯಲ್ಲಿ ದ ಗಾಲ್ ದಾಳಿ ಮಾಡಿದ. ಬರೀ ಮಾತಾಡಿ ಸುಮ್ಮನಾಗದೆ ಡಾಲರ್ ಕೊಟ್ಟು ಚಿನ್ನ ಪಡೆದು ಅದನ್ನು ಪ್ಯಾರಿಸ್ಸಿಗೆ ಸಾಗಿಸಿದ. ಒಮ್ಮೆ 20,000 ಟನ್ ಮೀರಿದ್ದ ಅಮೆರಿಕದ ದಾಸ್ತಾನು 1971ರ ಹೊತ್ತಿಗೆ ಅರ್ಧಕ್ಕೂ ಕೆಳಗಿಳಿಯಿತು. ಆಗಸ್ಟ್ 15ರ ಭಾನುವಾರ ಸಂಜೆ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು ಡಾಲರಿಗೆ ಚಿನ್ನ ಕೊಡುವ ಆ ಕಿಟಕಿ ಮುಚ್ಚಿದ.

ಆಮೇಲೆ ಚಿನ್ನ ಹಳೆಯ ಕಾಲದ ಸರಕೆಂದೇ ಪಂಡಿತರು ಬಗೆದರು. 1999ರಿಂದ 2002ರ ನಡುವೆ ಬ್ರಿಟನ್ನಿನ ಹಣಕಾಸು ಸಚಿವ ಗೋರ್ಡನ್ ಬ್ರೌನ್ ಸುಮಾರು 395 ಟನ್ ಚಿನ್ನವನ್ನು ಔನ್ಸಿಗೆ ಸರಾಸರಿ 275 ಡಾಲರಿನಂತೆ ಮಾರಿದ. 2025ರ ಮಾರ್ಚ್‌ನಲ್ಲಿ ಔನ್ಸಿನ ಬೆಲೆ 3,000 ಡಾಲರ್ ದಾಟಿದಾಗ ಬ್ರಿಟಿಷ್ ಪತ್ರಿಕೆಗಳಿಗೆ ಆ ಹೆಸರು ಮತ್ತೆ ನೆನಪಾದದ್ದು ಸಹಜ.

ಜರ್ಮನಿಯದು ಬೇರೆ ಬಗೆಯ ಕಥೆ. 1950, 60ರ ದಶಕಗಳಲ್ಲಿ ರಫ್ತಿನಿಂದ ಗಳಿಸಿದ ಚಿನ್ನವನ್ನು ಅದು ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ಗಳಲ್ಲೇ ಬಿಟ್ಟಿತ್ತು. ಸೋವಿಯತ್ ಟ್ಯಾಂಕುಗಳು ಗಡಿಯಲ್ಲಿದ್ದಾಗ ಫ್ರಾಂಕ್‌ಫರ್ಟಿಗೆ ತರುವುದು ಜಾಣತನವೂ ಆಗಿರಲಿಲ್ಲ. ಶೀತಲ ಸಮರ ಮುಗಿದು ಎರಡು ದಶಕ ಕಳೆದ ಮೇಲೆ, 2012ರಲ್ಲಿ, ಹೊರಗಿರುವ ಗಟ್ಟಿಗಳನ್ನು ಯಾರಾದರೂ ಎಣಿಸಿ ನೋಡಿದ್ದೀರಾ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಕೇಳಿತು. ಊರೆಲ್ಲ ಗುಸುಗುಸು ಹಬ್ಬಿತು. ನ್ಯೂಯಾರ್ಕಿನಿಂದ 300 ಟನ್, ಪ್ಯಾರಿಸ್ಸಿನಿಂದ 374 ಟನ್ ತರುತ್ತೇವೆಂದು 2013ರ ಜನವರಿಯಲ್ಲಿ ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಪ್ರಕಟಿಸಿತು. ಮೊದಲ ವರ್ಷ ಅಮೆರಿಕದಿಂದ ಬಂದದ್ದು ಬರೀ 5 ಟನ್. ಅಲ್ಲಿ ಚಿನ್ನವೇ ಇಲ್ಲ ಎಂಬ ಗಾಳಿಸುದ್ದಿಗೆ ಅಷ್ಟೇ ಸಾಕಾಯಿತು. ಆದರೆ 2020ಕ್ಕೆ ಮುಗಿಸಬೇಕಿದ್ದ ಕೆಲಸ 2017ಕ್ಕೇ ಮುಗಿಯಿತು. ಎಣಿಸಿ, ತೂಗಿ, ಪರೀಕ್ಷಿಸಿದರು, ಒಂದು ಗಟ್ಟಿಯೂ ಖೋಟಾ ಇರಲಿಲ್ಲ. ನೆದರ್ಲೆಂಡ್ಸ್ 2014ರಲ್ಲಿ 122.5 ಟನ್ ತಂದಿತು. ಪೋಲೆಂಡ್ 2019ರಲ್ಲಿ ಲಂಡನ್ನಿನಿಂದ ಎಂಟು ವಿಮಾನಗಳಲ್ಲಿ 100 ಟನ್ ತರಿಸಿಕೊಂಡಿತು.

ವೆನೆಜುವೆಲಾ ತಂದದ್ದನ್ನು ಉಳಿಸಿಕೊಳ್ಳಲಿಲ್ಲ, ತರದೇ ಬಿಟ್ಟದ್ದು ಕೈಗೆ ಸಿಗಲಿಲ್ಲ. ಅಧ್ಯಕ್ಷ ಹ್ಯೂಗೊ ಚಾವೇಜ್ 2011ರ ಕೊನೆ, 2012ರ ಆರಂಭದಲ್ಲಿ ಸುಮಾರು 160 ಟನ್ ತರಿಸಿದಾಗ ಕರಾಕಸ್ಸಿನ ರಸ್ತೆಗಳಲ್ಲಿ ಜನ ಬಾವುಟ ಬೀಸಿ ಸ್ವಾಗತಿಸಿದರು. ಕೆಲವೇ ವರ್ಷಗಳಲ್ಲಿ ಆರ್ಥಿಕತೆ ಕುಸಿದು, ಹಾಗೆ ಬಂದ ಚಿನ್ನ ಟನ್ನುಗಟ್ಟಲೆ ಮಾರಾಟವಾಯಿತು. ಲಂಡನ್ನಿನಲ್ಲಿ ಉಳಿದಿದ್ದ ಸುಮಾರು 31 ಟನ್ನನ್ನು ಚಾವೇಜ್ ನಂತರ ಬಂದ ಮಡುರೊ ಕೇಳಿದಾಗ, ಬ್ರಿಟನ್ ಅಧ್ಯಕ್ಷನೆಂದು ಮನ್ನಿಸಿದ್ದು ಎದುರಾಳಿ ಗ್ವೈಡೊನನ್ನು. ಹಾಗಾಗಿ ನಿಜವಾದ ಯಜಮಾನ ಯಾರೆಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗ್ವೈಡೊನ ಹಂಗಾಮಿ ಸರ್ಕಾರವನ್ನು ಅವನ ಕಡೆಯವರೇ ವಿಸರ್ಜಿಸಿದ ಮೇಲೂ ಮಡುರೊ ಸರ್ಕಾರಕ್ಕೆ ಚಿನ್ನ ಸಿಗಲಿಲ್ಲ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದಾಗ ಪಾಶ್ಚಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಆಸ್ತಿಯನ್ನು ಸ್ತಂಭನಗೊಳಿಸಿದವು. ಹಾಗೆ ಹಿಡಿದದ್ದು ಹೊರದೇಶಗಳಲ್ಲಿದ್ದ ಬಾಂಡು, ಠೇವಣಿಗಳನ್ನು. ರಷ್ಯಾದ ಚಿನ್ನ ರಷ್ಯಾದ ನೆಲದಲ್ಲೇ ಇತ್ತು, ಅದನ್ನು ಯಾರೂ ಮುಟ್ಟಲಾಗಲಿಲ್ಲ. ಬೀಜಿಂಗ್, ಅಂಕಾರಾಗಳಲ್ಲಿ ಕುಳಿತವರು ಇದನ್ನು ಗಮನಿಸದೇ ಇರುವರೇ? ಆ ವರ್ಷವೂ ಸೇರಿ ಮೂರು ವರ್ಷ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ 1,000 ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಭಾರತವೂ ಕೊಂಡಿತು, ಜೊತೆಗೆ ತರಿಸಿಕೊಂಡಿತು. 2025ರ ಸೆಪ್ಟೆಂಬರ್ ಕೊನೆಗೆ ರಿಸರ್ವ್ ಬ್ಯಾಂಕಿನ ಸುಮಾರು 880 ಟನ್ನಿನಲ್ಲಿ 576 ಟನ್ನಿನಷ್ಟು ದೇಶದೊಳಗಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬಾಸೆಲ್‌ನ ಅಂತರರಾಷ್ಟ್ರೀಯ ಪಾವತಿ ಬ್ಯಾಂಕಿನ ವಶದಲ್ಲಿ ಇನ್ನೂ 290 ಟನ್ನಿನಷ್ಟಿತ್ತು. ಪೂರ್ತಿ ತಂದುಬಿಟ್ಟರೆ ತುರ್ತಿಗೆ ಮಾರಲು ಮತ್ತೆ ವಿಮಾನ ಹತ್ತಿಸಬೇಕಾಗುತ್ತದೆ. ಅಷ್ಟೂ ಮನೆಯಲ್ಲೇ ಇರಲಿ ಎಂಬ ಭಾವುಕತೆಗೆ ರಿಸರ್ವ್ ಬ್ಯಾಂಕ್ ಈವರೆಗೆ ಮಣಿಯದಿರುವುದು ಸರಿಯಾಗೇ ಇದೆ.

ತರುವುದೂ ಹೇಳಿದಷ್ಟು ಸುಲಭವಲ್ಲ. ಟ್ರಂಪ್ ಚಿನ್ನದ ಮೇಲೂ ಸುಂಕ ಹಾಕಿಯಾರೆಂಬ ಹೆದರಿಕೆಯಿಂದ 2025ರ ಜನವರಿಯಲ್ಲಿ ವ್ಯಾಪಾರಿಗಳು ಲಂಡನ್ನಿನ ಚಿನ್ನವನ್ನು ನ್ಯೂಯಾರ್ಕಿಗೆ ಸಾಗಿಸಲು ಮುಗಿಬಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ಬಾಗಿಲಲ್ಲಿ ಸಾಲು ಬೆಳೆದು, ಕೆಲವೇ ದಿನಗಳಲ್ಲಿ ಸಿಗುತ್ತಿದ್ದ ಗಟ್ಟಿಗೆ ವಾರಗಟ್ಟಲೆ ಕಾಯಬೇಕಾಯಿತು. ಚಿನ್ನ ಭಾರವಾದ ವಸ್ತು, ಹೊರಲು ಸಮಯ ಹಿಡಿಯುತ್ತದೆ ಎಂದು ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಮಜಾಯಿಷಿ ಕೊಡಬೇಕಾಯಿತು. ಲಂಡನ್ನಿನ ಗಟ್ಟಿ 400 ಔನ್ಸಿನದು. ನ್ಯೂಯಾರ್ಕಿನ ಪೇಟೆ ಕೇಳುವುದು ಕಿಲೋ ಅಥವಾ 100 ಔನ್ಸಿನದನ್ನು. ಆದ್ದರಿಂದ ಹೊರಟ ಚಿನ್ನದಲ್ಲಿ ಬಹಳಷ್ಟು ಮೊದಲು ಸ್ವಿಟ್ಜರ್ಲೆಂಡಿಗೆ ಹೋಗಿ, ಕುಲುಮೆಯಲ್ಲಿ ಕರಗಿ, ಚಿಕ್ಕ ಗಟ್ಟಿಗಳಾಗಿ, ಆಮೇಲಷ್ಟೇ ಅಟ್ಲಾಂಟಿಕ್ ದಾಟಿತು.